ಮಡಚಿದ ದಿನಗಳು

ಸಿಂಚನ ಮಾತು ಕೊಟ್ಟಾಗ ಅವಳಿಗೆ ಏಳು ವರ್ಷ. ಮಂಡ್ಯದ ಒಂದು ಓಣಿಯ ಮನೆಯ ಬಚ್ಚಲಲ್ಲಿ ಮಣೆಯ ಮೇಲೆ ಕೂತಿದ್ದಳು. ಹಿಂದೆ ನಿಂತ ದೊಡ್ಡವ್ವ ಕೆಂಪಾಜಮ್ಮ ಅವಳ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು. ಹೆತ್ತವ್ವ ಹೆರಿಗೆಯಲ್ಲೇ ಹೋದ ಮೇಲೆ ಮಗುವನ್ನು ಎತ್ತಿಕೊಂಡು ಬಂದು ಸಾಕಿದವಳು ಅವಳ ಅಕ್ಕನಾದ ಈ ಕೆಂಪಾಜಮ್ಮನೇ. ಮನೆಮನೆಗೆ ಹೋಗಿ ಬಾಣಂತಿಯರಿಗೂ ಹಸುಗೂಸುಗಳಿಗೂ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕಸುಬು. ಆರು ದಿನ ಊರಿನ ಮಕ್ಕಳ ಸರದಿ, ಭಾನುವಾರ ಸಿಂಚನಳದು.

“ದೊಡ್ಡವ್ವ, ನಿನ್ ತಲೆಗೆ ಯಾರು ಎಣ್ಣೆ ಒತ್ತೋದು?”

“ನಂಗೆ ನನ್ ಕೈಯೇ ಇಲ್ವಾ?”

“ಮುದುಕಿ ಆದ್ಮೇಲೆ?”

ತಟ್ಟುತ್ತಿದ್ದ ಕೈ ನಿಂತಿತು. ಆ ಪ್ರಶ್ನೆಯನ್ನು ಅಷ್ಟು ದಿನ ಯಾರೂ ಅವಳಿಗೆ ಕೇಳಿರಲಿಲ್ಲವೇನೋ. ನಾನು ಒತ್ತೀನಿ, ಪ್ರತಿ ಭಾನುವಾರ ಒತ್ತೀನಿ ಎಂದು ಹುಡುಗಿ ಹೇಳಿದಾಗ ದೊಡ್ಡವ್ವ ಅಂಗೈ ಚಾಚಿದಳು. ಸಿಂಚನ ತನ್ನ ಕೈಯನ್ನು ಅದರ ಮೇಲೆ ಬಡಿದಳು. ಎಣ್ಣೆಗೆ ಕೈ ಜಾರಿತು.

“ಜಾರ್ಬುಡ್ತು. ಇನ್ನೊಂದ್ ಕಿತ ಹಾಕು, ಗಟ್ಟಿಯಾಗಿ,” ಎಂದಳು ಕೆಂಪಾಜಮ್ಮ. ಹುಡುಗಿ ಗಟ್ಟಿಯಾಗಿ ಹಾಕಿದಳು.

*

ಮೂವತ್ತೆರಡು ವರ್ಷದ ನಂತರ ಸಿಂಚನ ಮೈಸೂರಿನ ಸ್ಪರ್ಶಲೇಖ ಕೇಂದ್ರದಲ್ಲಿ ಹಿರಿಯ ಓದುಗಾರ್ತಿ. ಅವಳು ಓದುತ್ತಿದ್ದುದು ಮನುಷ್ಯರ ಚರ್ಮವನ್ನು.

ಚರ್ಮ ಕೆಳಗಿನಿಂದ ಮೇಲಕ್ಕೆ, ಪದರದ ಮೇಲೆ ಪದರವಾಗಿ ಬೆಳೆಯುತ್ತದೆ. ಯಾರಾದರೂ ಮುಟ್ಟಿದರೆ, ಅಂದು ಹುಟ್ಟುತ್ತಿರುವ ಪದರದ ಕೋಶಗಳಲ್ಲಿ ಆ ಒತ್ತಡದ ಗುರುತು ಉಳಿಯುತ್ತದೆ, ಮರದ ಕಾಂಡದಲ್ಲಿ ಮಳೆಗಾಲಗಳ ಉಂಗುರ ಉಳಿದ ಹಾಗೆ. ತೆಳ್ಳನೆಯ ಬೆಳಕನ್ನು ಒಳಕ್ಕೆ ಬಿಟ್ಟು ಆ ಗುರುತುಗಳನ್ನು ದಿನವಾರು ಓದುವ ಯಂತ್ರವೇ ಸ್ಪರ್ಶಲೇಖ. ಟೋಪಿಯಂತೆ ತಲೆಗೆ ಇಡುತ್ತಾರೆ. ಏಕೆಂದರೆ ಮೈಯಲ್ಲೆಲ್ಲ ನೆತ್ತಿಯ ಚರ್ಮಕ್ಕೇ ನೆನಪು ಹೆಚ್ಚು. ಕೂದಲ ನೆರಳಲ್ಲಿರುವ ಅದು ತೊಂಬತ್ತು ದಿನಗಳನ್ನು ಇಟ್ಟುಕೊಂಡಿರುತ್ತದೆ. ಮುಟ್ಟಿದ್ದು ಯಂತ್ರವಾದರೆ ಒತ್ತಡ ಎಲ್ಲ ಕಡೆ ಒಂದೇ ಸಮ. ಮನುಷ್ಯರ ಕೈಯಾದರೆ ಐದು ಬೆರಳಿಗೆ ಐದು ತೂಕ, ತಪ್ಪಾಗುವುದೇ ಇಲ್ಲ.

ಸ್ಪರ್ಶಲೇಖಕ್ಕೆ ಶತ್ರು ಒಂದೇ, ಎಣ್ಣೆ. ಒಂದು ಹನಿ ಪದರಗಳ ನಡುವೆ ಇಳಿದರೂ ಬೆಳಕು ಚದುರಿ ತೊಂಬತ್ತು ದಿನವೂ ಮಸುಕಾಗುತ್ತದೆ. ಎಣ್ಣೆ ಹಚ್ಚಿದವರನ್ನು ಕರೆತರಬಾರದು ಎಂದು ಕೇಂದ್ರದ ಬಾಗಿಲಲ್ಲೇ ಬೋರ್ಡಿತ್ತು. ಮೊದಲ ಸಲ ಮಗಳ ಆಫೀಸು ನೋಡಲು ಬಂದ ಕೆಂಪಾಜಮ್ಮ ಅದನ್ನು ಓದಿಸಿಕೊಂಡು, ಎಣ್ಣೆ ಕಂಡ್ರಾಗದ ಜಾಗದಲ್ಲಿ ನೀನೆಂಗವ್ವ ಬಾಳೀಯೆ ಎಂದು ನಕ್ಕಿದ್ದಳು.

ಹನ್ನೊಂದು ವರ್ಷದ ಹಿಂದೆ ಆರೈಕೆ ನಿಲಯಗಳಲ್ಲಿ ಮುದುಕರಿಗೆ ಹೊಡೆಯುವುದು, ಚಿವುಟುವುದು, ಕಟ್ಟಿಹಾಕುವುದು ಬಯಲಾಗಿ ರಾಜ್ಯವೇ ತಲೆ ತಗ್ಗಿಸಿತ್ತು. ಆಗ ಬಂದದ್ದು ಹೊಸ ಕಾನೂನು. ಮೂರು ತಿಂಗಳಿಗೊಮ್ಮೆ ಪ್ರತಿ ನಿವಾಸಿಯ ನೆತ್ತಿ ಓದಿಸಬೇಕು. ಮಿತಿ ಮೀರಿದ ಬಲ ಎಲ್ಲಿ ಕಂಡರೂ ಲೇಖದಲ್ಲಿ ಕೆಂಪು. ಕೆಂಪು ಬಂದರೆ ನಿಲಯಕ್ಕೆ ಬೀಗ. ಮೊದಲ ಎರಡು ವರ್ಷ ಸಿಂಚನಳ ಪರದೆ ಕೆಂಪೋ ಕೆಂಪು. ಬೀಗ ಬಿದ್ದ ನಿಲಯಗಳಿಂದ ಮುದುಕರನ್ನು ಮನೆಗೆ ಒಯ್ದ ಮಕ್ಕಳು ಬಂದು ಅವಳ ಕೈ ಹಿಡಿದು ಅತ್ತಿದ್ದುಂಟು. ಆಮೇಲೆ ಕೆಂಪು ಇಳಿಯುತ್ತಾ ಬಂತು. ಏಳನೆಯ ವರ್ಷಕ್ಕೆ ಮೈಸೂರು ಸೀಮೆ ಕೆಂಪುರಹಿತವೆಂದು ಕೇಂದ್ರಕ್ಕೆ ಫಲಕ ಬಂತು, ಎಲ್ಲರಿಗೂ ಮೈಸೂರುಪಾಕು ಹಂಚಿದರು.

ಕೆಂಪು ಕಡಿಮೆಯಾದಂತೆ ಲೇಖಗಳಲ್ಲಿ ಖಾಲಿ ಜಾಗ ಹೆಚ್ಚಾಯಿತು. ಉದ್ದಕ್ಕೆ ಸಪಾಟು ಗೆರೆ, ಕೈಯ ಗುರುತೇ ಇಲ್ಲ. ನ್ಯಾಯಮಂಡಳಿಗೆ ಕಳಿಸುವ ವರದಿ ಒಂದೇ ಪುಟ ಇರಬೇಕೆಂಬ ಪದ್ಧತಿ. ಹಾಗಾಗಿ ಓದುಗಾರರ ಮೇಜಿನಲ್ಲಿ ಮಡಿಕೆ ಎಂಬ ಒಂದು ಕೀಲಿ ಇತ್ತು. ಒತ್ತಿದರೆ ಖಾಲಿ ದಿನಗಳೆಲ್ಲ ಮಡಚಿಕೊಂಡು ಒಂದು ಬೆರಳಗಲದ ಬೂದು ಪಟ್ಟಿಯಾಗುತ್ತಿತ್ತು. ಹೊಸಬರಿಗೆ ಸಿಂಚನಳೇ ಕಲಿಸಿದ್ದಳು: ಖಾಲಿ ಮಡಚಿ, ಕೆಂಪು ಇದೆಯಾ ನೋಡಿ, ಇಲ್ಲದಿದ್ದರೆ ಸಹಿ ಹಾಕಿ. ವರದಿಯಲ್ಲಿ ಹೆಸರಿರುತ್ತಿರಲಿಲ್ಲ, ನಂಬರು ಮಾತ್ರ. ಪಕ್ಷಪಾತ ಬೇಡವೆಂದು ಹಾಗೆ ಮಾಡಿದ್ದರು.

*

ಕೆಂಪಾಜಮ್ಮನಿಗೆ ಲಕ್ವ ಹೊಡೆದದ್ದು ಹಿಂದಿನ ವರ್ಷ. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರಾ ನಿಂತಿತು. ಸಿಂಚನ ಅವಳನ್ನು ಮೈಸೂರಿನ ತನ್ನ ಮೂರನೇ ಮಹಡಿಯ ಮನೆಗೆ ತಂದಿಟ್ಟುಕೊಂಡಳು. ಗಂಡ ಯೋಗೇಶ ರೈಲಿನ ಚಾಲಕ, ವಾರಕ್ಕೆ ಎರಡು ದಿನ ಮನೆಯಲ್ಲಿ ಇದ್ದರೆ ಹೆಚ್ಚು. ಒಂಬತ್ತು ವರ್ಷದ ಮಗಳು ಲಾಸ್ಯಳನ್ನು ಶಾಲೆಗೆ ಹೊರಡಿಸಿ, ದೊಡ್ಡವ್ವನಿಗೆ ಗಂಜಿ ಕುಡಿಸಿ, ಬಟ್ಟೆ ಬದಲಿಸಿ, ಬಸ್ಸಿಗೆ ಓಡುವಷ್ಟರಲ್ಲಿ ಸಿಂಚನಳ ಉಸಿರು ಸೋತು ಬರುತ್ತಿತ್ತು. ಭಾನುವಾರ ವಾರದ ಬಟ್ಟೆ, ವಾರದ ಸಾಮಾನು. ದೊಡ್ಡವ್ವನ ತಲೆಗೆ ಶಾಂಪೂ ಹಾಕಿ ಎರಡು ತಂಬಿಗೆ ನೀರು ಸುರಿದು ಮುಗಿಸುತ್ತಿದ್ದಳು. ಬಚ್ಚಲ ಗೂಡಿನಲ್ಲಿದ್ದ ಹರಳೆಣ್ಣೆ ಶೀಶೆಯ ಕಡೆಗೆ ಕೆಂಪಾಜಮ್ಮ ನೋಡುತ್ತಿದ್ದಳು. ಮುಂದಿನ ಭಾನುವಾರ ದೊಡ್ಡವ್ವ, ಖಂಡಿತ, ಎನ್ನುತ್ತಿದ್ದಳು ಸಿಂಚನ. ಹಾಗೆ ಇಪ್ಪತ್ತಾರು ಭಾನುವಾರ ಹೋದವು.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಮುದುಕಿ ಬಚ್ಚಲಲ್ಲಿ ಬಿದ್ದು, ಸಂಜೆ ಲಾಸ್ಯ ಬರುವ ತನಕ ಒದ್ದೆ ನೆಲದ ಮೇಲೇ ಇದ್ದಳು. ಆ ವಾರವೇ ಸಿಂಚನ ಬೆಳ್ಮುಗಿಲು ಆರೈಕೆ ನಿಲಯಕ್ಕೆ ಅರ್ಜಿ ಹಾಕಿದಳು. ವಿಚಾರಿಸುವ ಅಗತ್ಯವೇ ಕಾಣಲಿಲ್ಲ. ನಾಲ್ಕು ವರ್ಷದಿಂದ ಅಲ್ಲಿ ಒಂದೇ ಒಂದು ಕೆಂಪು ಬಂದಿರಲಿಲ್ಲ. ಅದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ವರದಿಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು.

ಭೇಟಿ ತಿಂಗಳಿಗೊಮ್ಮೆ, ಎರಡನೇ ಶನಿವಾರ, ಗಾಜಿನ ಆಚೆ ಈಚೆ ಕೂತು ಹದಿನೈದು ನಿಮಿಷ. ಸೋಂಕು ತಗುಲಬಾರದೆಂದು ಹಾಗಂತೆ. ತಾನೇ ಉರುಳಿಬರುವ ಕುರ್ಚಿಯಲ್ಲಿ ದೊಡ್ಡವ್ವ ಬರುತ್ತಿದ್ದಳು, ಶುಭ್ರ ಬಟ್ಟೆ, ತಲೆಗೆ ಬಿಳಿ ವಸ್ತ್ರ. ಎಡಗೈ ಎತ್ತಿ ಗಾಜಿನ ಮೇಲೆ ಇಡುತ್ತಿದ್ದಳು. ಸಿಂಚನ ಈಚೆಯಿಂದ ತನ್ನ ಕೈ ಇಡುತ್ತಿದ್ದಳು. ಆಮೇಲೆ ಎರಡು ತಿಂಗಳು ಹೋಗಲಾಗಲಿಲ್ಲ. ಒಮ್ಮೆ ಕೇಂದ್ರದಲ್ಲಿ ತಪಾಸಣೆ, ಇನ್ನೊಮ್ಮೆ ಲಾಸ್ಯಳಿಗೆ ಜ್ವರ.

ಮೂರನೆಯ ತಿಂಗಳು ಹೋದಾಗ ಭೇಟಿ ಕೋಣೆಗೆ ಬಣ್ಣ ಬಳಿಯುತ್ತಿದ್ದರು. ಹಾಗಾಗಿ ಜಗಲಿಯಲ್ಲೇ ಎದುರುಬದುರು ಕೂರಿಸಿದರು, ನಡುವೆ ಗಾಜಿರಲಿಲ್ಲ. ಆಗ ಸಿಂಚನ ಕಂಡಳು. ಎಡಗೈಯ ಉಗುರುಗಳು ಬೆಳೆದು ಒಳಕ್ಕೆ ಬಾಗಿದ್ದವು. ಕುಪ್ಪಸ ಹೊಸದೇ, ಆದರೆ ಎಡಭುಜದ ಹತ್ತಿರ ಮಾತ್ರ ಬಟ್ಟೆ ಸವೆದು ಜಾಳುಜಾಳಾಗಿತ್ತು. ಹಸು ಕಂಬಕ್ಕೆ ಮೈ ಉಜ್ಜುವ ಹಾಗೆ ಅವಳು ಭುಜವನ್ನು ಗೋಡೆಗೆ ಉಜ್ಜುತ್ತಾಳೆಂದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ತಲೆಯ ವಸ್ತ್ರ ಜಾರಿದಾಗ ಹಿಂದಲೆಯ ಕೂದಲೆಲ್ಲ ಒಂದೇ ಗಂಟಾಗಿ, ತೆಂಗಿನ ನಾರಿನಂತೆ ಅಂಟಿಕೊಂಡದ್ದು ಕಂಡಿತು.

ಕೆಂಪಾಜಮ್ಮ ಅವಳ ಕೈಯನ್ನು ಎಳೆದು ತನ್ನ ನೆತ್ತಿಯ ಮೇಲಿಟ್ಟುಕೊಂಡಳು. ಒತ್ತಿ ಹಿಡಿದಳು. ಬಿಡಲೇ ಇಲ್ಲ. ಹೊತ್ತು ಮುಗಿದು ಕುರ್ಚಿ ತಾನಾಗಿ ಹಿಂದಕ್ಕೆ ಉರುಳಿದಾಗಲೇ ಆ ಕೈ ಬಿಟ್ಟಿದ್ದು.

ಮೇಲ್ವಿಚಾರಕಿ ಸುಕನ್ಯಾ ಒರಟು ಹೆಂಗಸಲ್ಲ. ಕಾಫಿ ತರಿಸಿದಳು, ನಿಯಂತ್ರಣ ಕೋಣೆ ತೋರಿಸಿದಳು. ಅಲ್ಲಿ ನಾಲ್ಕು ಜನ ಪರದೆಗಳ ಮುಂದೆ ಕೂತು ಅರವತ್ಮೂರು ನಿವಾಸಿಗಳನ್ನು ನೋಡಿಕೊಳ್ಳುತ್ತಿದ್ದರು. ಎತ್ತುವ ತೋಳು, ಉಣಿಸುವ ಚಮಚ, ಮೀಯಿಸುವ ಕುರ್ಚಿ, ಎಲ್ಲವೂ ಯಂತ್ರ. ಉಗುರು, ತಲೆಗೂದಲು ಯಂತ್ರದ ಪಟ್ಟಿಯಲ್ಲಿ ಇರಲಿಲ್ಲ. ಕೆಂಪಾಜಮ್ಮ ದಿನಕ್ಕೆ ನಲವತ್ತು ಸಲ ಕರೆಗಂಟೆ ಒತ್ತುತ್ತಿದ್ದರೆಂದೂ, ಹೋಗಿ ನೋಡಿದರೆ ನೀರೂ ಬೇಕಿರಲಿಲ್ಲ, ಊಟವೂ ಬೇಕಿರಲಿಲ್ಲ, ಬಂದವರ ಕೈಯನ್ನು ಸುಮ್ಮನೆ ಹಿಡಿದುಕೊಳ್ಳುತ್ತಿದ್ದರೆಂದೂ ಸುಕನ್ಯಾ ಹೇಳಿದಳು. ಅದಕ್ಕೇ ಗಂಟೆ ತೆಗೆದು, ಸದ್ದು ಹೊರಗೆ ಕೇಳದ ಕೊನೆಯ ಮೌನ ಕೋಣೆಗೆ ಹಾಕಿದ್ದರು.

“ಮುಟ್ಟಿದ್ರೆ ತಾನೇ ಮೇಡಂ ಕೆಂಪು ಬರೋದು? ನಮ್ಮಲ್ಲಿ ಯಾರೂ ಅವರ ಮೈ ಮುಟ್ಟಿಲ್ಲ,” ಎಂದಳು ಅವಳು. ಆ ಮಾತಿನಲ್ಲಿ ಹೆಮ್ಮೆಯಿತ್ತು. “ಬೇಕಾದ್ರೆ ನಿಮ್ಮ ಕೇಂದ್ರದ್ದೇ ವರದಿ ನೋಡಿ.”

ಅಂದೇ ಕರೆದೊಯ್ಯುತ್ತೇನೆಂದಾಗ, ವೈದ್ಯರ ಸಹಿಯಿಲ್ಲದೆ ಬಿಡಲಾಗದು, ಮಂಗಳವಾರ ಬನ್ನಿ ಎಂದಳು.

*

ಸೋಮವಾರ ಊಟದ ಬಿಡುವಿನಲ್ಲಿ, ಉಳಿದವರು ಡಬ್ಬಿ ಬಿಚ್ಚುತ್ತಿದ್ದಾಗ, ಸಿಂಚನ ನಿಲಯದವರು ಕೊಟ್ಟಿದ್ದ ನಂಬರಿನಿಂದ ಆ ವರದಿ ತೆರೆದಳು. ಹೋದ ತಿಂಗಳಿನದು. ಒಂದು ಪುಟ. ಕೆಂಪು ಇಲ್ಲ. ನಡುವೆ ಬೆರಳಗಲದ ಬೂದು ಪಟ್ಟಿ. ಕೆಳಗೆ ಸಹಿ ಅವಳದೇ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಮಡಿಕೆಯನ್ನು ಬಿಚ್ಚಿದಳು. ಗೆರೆ ಪರದೆಯ ಬಲಕ್ಕೆ ಓಡಿತು, ಓಡುತ್ತಲೇ ಇತ್ತು. ಐವತ್ಮೂರು ದಿನ, ಗಂಟೆ ತೆಗೆದು ಮೌನ ಕೋಣೆಗೆ ಹಾಕಿದಂದಿನಿಂದ. ಕುರ್ಚಿಯ ಪಟ್ಟಿ ತಗುಲಿದ ಗುರುತು, ತೋಳಿನ ರಬ್ಬರು ತಗುಲಿದ ಗುರುತು, ಎಲ್ಲ ಒಂದೇ ಸಮ. ಐದು ಬೆರಳು ಎಲ್ಲಿಯೂ ಇಲ್ಲ. ಅವಳು ಬೆಳ್ಮುಗಿಲಿನ ಉಳಿದ ವರದಿಗಳನ್ನೂ ಬಿಚ್ಚತೊಡಗಿದಳು. ಅರವತ್ಮೂರರಲ್ಲಿ ನಲವತ್ತೊಂದು ನೆತ್ತಿಗಳನ್ನು ತಿಂಗಳುಗಟ್ಟಲೆ ಯಾರೂ ಮುಟ್ಟಿರಲಿಲ್ಲ. ಎಲ್ಲದರ ಕೆಳಗೂ ಅದೇ ಸಹಿ. ಹೊಡೆಯುವ ಕೈಗಳನ್ನು ಹಿಡಿಯಲು ಇಟ್ಟ ಯಂತ್ರ ಎಲ್ಲ ಕೈಗಳನ್ನೂ ಓಡಿಸಿಬಿಟ್ಟಿತ್ತು, ಅದನ್ನು ಮಡಚಿ ಒಳಗಿಟ್ಟವಳು ತಾನು.

ಸಹೋದ್ಯೋಗಿಯೊಬ್ಬಳು ಊಟಕ್ಕೆ ಕರೆದಳು. ಹಸಿವಿಲ್ಲ ಎಂದಳು.

*

ಮಂಗಳವಾರ ನಿಲಯಕ್ಕೆ ಹೋಗುವ ಮುಂಚೆ ಕಾನೂನು ಸೇವಾ ಕಚೇರಿಯಲ್ಲಿ ಅವಳಿಗೆ ಸಿಕ್ಕವರು ಬೋರಲಿಂಗಯ್ಯ ಎಂಬ ವಯಸ್ಸಾದ ವಕೀಲರು. ವಕೀಲರನ್ನು ಹಿಡಿಯಲಾಗದವರ ಕೇಸುಗಳನ್ನು ಅಲ್ಲಿ ಕೂತು ನಡೆಸುತ್ತಿದ್ದರು. ಅವಳು ತಂದ ಹಾಳೆಗಳನ್ನು ಕನ್ನಡಕ ಏರಿಸಿ ನಿಧಾನವಾಗಿ ನೋಡಿದರು. ನಿಮ್ಮೂರು ಯಾವುದು ಎಂದು ಕೇಳಿ, ಕೆಂಪಾಜಮ್ಮನ ಹೆಸರು ಕೇಳಿದ ಮೇಲೆ, ನನ್ನ ಮೊಮ್ಮಗಳಿಗೆ ಮೂರು ತಿಂಗಳು ನೀರು ಹಾಕಿದವಳು ಅವಳೇ ಎಂದರು. ಆಮೇಲೆ ವಿಷಯಕ್ಕೆ ಬಂದರು.

“ಕಾನೂನಿಗೆ ಏಟು ಗೊತ್ತು ಕಣಮ್ಮ. ಮುಟ್ಟದೇ ಇರೋದು ಗೊತ್ತಿಲ್ಲ. ನಾವೇ ಗೊತ್ತು ಮಾಡಿಸ್ಬೇಕು.”

ದಾರಿ ಎರಡಿವೆ ಎಂದರು. ಒಂದು, ಇವತ್ತೇ ಸಹಿ ಮಾಡಿಸಿ ಕರೆದೊಯ್ದು ಆಸ್ಪತ್ರೆಗೆ ಸೇರಿಸುವುದು, ತಲೆಗೆ ಎಣ್ಣೆ ಹಾಕುವುದು, ಅಲ್ಲಿಗೆ ಮುಗಿಯಿತು. ಇನ್ನೊಂದು, ನಿರ್ಲಕ್ಷ್ಯದ ಹಳೆಯ ಕಾನೂನಿನಡಿ ನ್ಯಾಯಮಂಡಳಿಗೆ ಹೋಗುವುದು. ಆದರೆ ಹಳೆಯ ವರದಿಗಳು ಸಾಕ್ಷಿಯಾಗಲಾರವು. ಓದಿದವಳೇ ದೂರುಗಾರ್ತಿ, ಮೇಲೆ ಮನೆಯವಳು. ಬೇರೆ ಊರಿನ ಕೇಂದ್ರದವರು ಬಂದು ಹೊಸದಾಗಿ ಓದಬೇಕು. ಉಳಿದ ಅರವತ್ತೆರಡು ಜನರ ಪರವಾಗಿ ದೂರು ಕೊಡಲು ಯಾರೂ ಬಂದಿಲ್ಲ. ಈ ಒಂದು ನೆತ್ತಿಯ ಮೇಲೆ ಆದೇಶ ಬಂದರೆ ಅವರ ಬಾಗಿಲೂ ತೆರೆಯುತ್ತದೆ. ಸಿಂಚನ ಮಡಚಿದ್ದನ್ನು ತಾನೇ ಒಪ್ಪಿಕೊಳ್ಳಬೇಕಾಗುತ್ತದೆ, ಕೆಲಸ ಹೋಗಬಹುದು.

ಕೆಲಸದ ಬಗ್ಗೆ ಅವಳು ಏನೂ ಕೇಳಲಿಲ್ಲ. ಎಷ್ಟು ದಿನ ಆಗುತ್ತದೆಂದು ಮಾತ್ರ ಕೇಳಿದಳು. ಓದುವ ತನಕ ತಲೆಗೆ ಎಣ್ಣೆ ಸೋಕಬಾರದು ಎಂಬುದನ್ನು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಶುಕ್ರವಾರ ಮಧ್ಯಂತರ ಆದೇಶ ಬಂತು. ಕೆಂಪಾಜಮ್ಮನನ್ನು ದೊಡ್ಡಾಸ್ಪತ್ರೆಗೆ ಸಾಗಿಸಬೇಕು. ಹನ್ನೊಂದನೆಯ ದಿನ ಓದು. ಅಲ್ಲಿಯ ತನಕ ದಾದಿಯರು ಗುರುತಿನ ಕೈಗವಸು ತೊಟ್ಟು ಆರೈಕೆ ಮಾಡಬೇಕು. ಆ ಗವಸು ತನ್ನದೇ ಒಂದು ಮುದ್ರೆ ಬಿಡುತ್ತದೆ, ಓದುವಾಗ ಬೇರ್ಪಡಿಸಬಹುದು. ನಿಲಯದ ಪರ ವಕೀಲರು ಇನ್ನೊಂದು ಷರತ್ತು ಕೇಳಿ ಪಡೆದರು. ದೂರುಗಾರ್ತಿ ಇದೇ ವಿದ್ಯೆ ಬಲ್ಲವಳು, ಲೇಖವನ್ನು ಕೆಡಿಸಲೂ ಬಲ್ಲಳು. ಆದ್ದರಿಂದ ಅವಳು ಮುಟ್ಟುವಂತಿಲ್ಲ. ಮಂಚದಿಂದ ಆರಡಿ ದೂರಕ್ಕೆ ನೆಲದ ಮೇಲೆ ಹಳದಿ ಗೆರೆ ಎಳೆದರು.

*

ಸಿಂಚನ ರಜೆ ಹಾಕಿ ದಿನವೂ ಗೆರೆಯ ಈಚೆ ಸ್ಟೂಲಿನ ಮೇಲೆ ಕೂತಳು.

ಮೊದಲ ದಿನ ಕೆಂಪಾಜಮ್ಮ ಎಡಗೈ ಎತ್ತಿ ನೆತ್ತಿ ತೋರಿಸಿದಳು. ಆಮೇಲೆ ಸಿಂಚನಳ ಕಡೆ ಚಾಚಿದಳು. ಬರಲಾಗದು ದೊಡ್ಡವ್ವ, ಇನ್ನು ಹತ್ತು ದಿನ ಎಂದು ಸಿಂಚನ ಬಿಡಿಸಿ ಹೇಳಿದಳು. ಮುದುಕಿಯ ಕೈ ಗಾಳಿಯಲ್ಲೇ ನಿಂತಿತ್ತು. ದಾದಿ ಬಂದು ಗವಸಿನ ಕೈಯಿಂದ ಅದನ್ನು ಹಾಸಿಗೆಯ ಮೇಲೆ ಇಳಿಸಿದಳು.

ಎರಡನೆಯ ದಿನ ಸಂಜೆ ಲಾಸ್ಯ ಶಾಲೆಯಿಂದ ನೇರ ಬಂದಳು. ಬಂದವಳೇ ಅಜ್ಜಿಯತ್ತ ನುಗ್ಗಿದಳು. ಸಿಂಚನ ಅವಳ ಜಡೆ ಹಿಡಿದು ಎಳೆದು ನಿಲ್ಲಿಸಿದಳು. ನೋವಿಗೆ ಹುಡುಗಿಯ ಕಣ್ಣಲ್ಲಿ ನೀರು ಬಂತು.

“ನಾವು ಅಜ್ಜಿ ಪರ ತಾನೇ ಅಮ್ಮ?”

“ಹೂಂ.”

“ಮತ್ತೆ ಅವರ ತರಾನೇ ಮಾಡ್ತಿದೀವಲ್ಲ.”

ಸಿಂಚನ ಸಡಿಲಾದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆಯತೊಡಗಿದಳು.

ಆಮೇಲಿನ ದಿನಗಳಲ್ಲಿ ಕೆಂಪಾಜಮ್ಮ ಕೈ ಚಾಚುವುದನ್ನು ನಿಲ್ಲಿಸಿದಳು. ಸೆಟೆದ ತನ್ನ ಬಲಮೊಣಕಾಲನ್ನು ಎಡಗೈಯಿಂದ ಸವರುತ್ತಾ ಕೂರುತ್ತಿದ್ದಳು. ದಾದಿ ಅದನ್ನು ನೋವೆಂದು ತಿಳಿದು ಮಾತ್ರೆ ಕೊಟ್ಟಳು. ಸಿಂಚನಳಿಗೆ ಗೊತ್ತಿತ್ತು. ಹಸುಗೂಸಿನ ನೆತ್ತಿ ಇನ್ನೂ ಮೆತ್ತಗಿರುವಾಗ ಎಣ್ಣೆಯನ್ನು ಹೀಗೆಯೇ, ಮೂರು ಬೆರಳಲ್ಲಿ, ಸುಳಿ ಸುತ್ತಿಸಿ ಇಳಿಸುತ್ತಾರೆ. ಅವಳು ಮಂಡಿಗೆ ಇಲ್ಲದ ಎಣ್ಣೆ ಒತ್ತುತ್ತಿದ್ದಳು. ನಡುನಡುವೆ ಅದಕ್ಕೆ ನೀರು ಕಣ್ಣಿಗೆ ಹೋಗದ ಹಾಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು.

ಎಂಟನೆಯ ದಿನ ಕೆಮ್ಮು ಹತ್ತಿತು. ಒಂಬತ್ತನೆಯ ದಿನ ವೈದ್ಯರು ಸಿಂಚನಳನ್ನು ಹೊರಗೆ ಕರೆದು, ಶ್ವಾಸಕೋಶಕ್ಕೆ ನೀರು ಸೇರಿದೆ, ತೂಕವೇ ಇಲ್ಲದ ದೇಹ, ಎರಡು ದಿನ ದಾಟುವುದು ಕಷ್ಟ ಎಂದರು. ಓದನ್ನು ಮುಂಚೆ ಮಾಡಿಸಲು ಬೋರಲಿಂಗಯ್ಯ ಬೆಳಿಗ್ಗೆಯಿಂದ ಓಡಾಡಿ ಬರಿಗೈಯಲ್ಲಿ ಬಂದರು. ಯಂತ್ರ ಕಲಬುರಗಿಯಿಂದ ಬರಬೇಕಿತ್ತು. ಎದುರು ಪಕ್ಷದವರು ಒಂದು ದಿನವನ್ನೂ ಬಿಟ್ಟುಕೊಡಲಿಲ್ಲ.

ವಕೀಲರು ಮೊಗಸಾಲೆಯ ಬೆಂಚಿನ ಮೇಲೆ ಅವಳ ಪಕ್ಕ ಕೂತರು. ಅವಳ ಚೀಲದಲ್ಲಿ ಹರಳೆಣ್ಣೆ ಶೀಶೆ ಇದ್ದದ್ದು ಅವರ ಕಣ್ಣಿಗೆ ಬಿದ್ದಿತ್ತು.

“ನೀವು ಹೋಗಿ ಹಚ್ಚಿದ್ರೆ ನಾನು ಒಂದ್ಮಾತೂ ಅನ್ನಲ್ಲ ಕಣಮ್ಮ. ನನ್ ತಾಯಿಯಾಗಿದ್ರೆ ನಾನೇನ್ ಮಾಡ್ತಿದ್ನೋ ಗೊತ್ತಿಲ್ಲ. ಕೇಸು ಮಾತ್ರ ಇರಲ್ಲ. ಅಷ್ಟು ಹೇಳೋದು ನನ್ ಕೆಲಸ, ಹೇಳಿದೀನಿ.”

ಅವಳು ಶೀಶೆ ಹಿಡಿದು ಒಳಗೆ ಹೋದಳು. ಇಳಿಬಿಸಿಲು ಮಂಚದ ಕಾಲಿನ ತನಕ ಬಂದಿತ್ತು. ಅವಳನ್ನೂ ಶೀಶೆಯನ್ನೂ ನೋಡಿದ ದಾದಿ ಕಿಟಕಿಯ ಕಡೆಗೆ ತಿರುಗಿ, ಮಡಚಿದ್ದ ಹೊದಿಕೆಗಳನ್ನೇ ಮತ್ತೆ ಬಿಚ್ಚಿ ಮಡಚತೊಡಗಿದಳು. ಸಿಂಚನಳ ಚಪ್ಪಲಿಯ ತುದಿ ಹಳದಿ ಗೆರೆಗೆ ತಾಗುತ್ತಿತ್ತು.

ಕೆಂಪಾಜಮ್ಮ ಕಣ್ಣು ತೆರೆದಿದ್ದಳು. ಶೀಶೆಯನ್ನು ಗುರುತು ಹಿಡಿದಳು.

ಸಿಂಚನ ನಿಂತಲ್ಲೇ ಎಲ್ಲವನ್ನೂ ಹೇಳಿದಳು, ವಕೀಲರು ತರಿಸಿದ್ದ ನಿವಾಸಿಗಳ ಪಟ್ಟಿಯಲ್ಲಿ ಓದಿದ್ದನ್ನೂ. ಮೌನ ಕೋಣೆಯ ಪಕ್ಕದ ಕೋಣೆಯಲ್ಲಿ ಒಬ್ಬರು ಮೇಷ್ಟರಿದ್ದಾರೆ, ತೊಂಬತ್ತು ದಿನದಲ್ಲಿ ಎಂಬತ್ತೆಂಟು ದಿನ ಅವರನ್ನು ಯಾರೂ ಮುಟ್ಟಿಲ್ಲ ಎಂದಳು. ಹೂ ಕಟ್ಟಿ ಮಾರುತ್ತಿದ್ದ ಒಬ್ಬ ಮುದುಕಿ ಇದ್ದಾಳೆ, ಅಲ್ಲಿ ಅರವತ್ತೆರಡು ಜನ ಇದ್ದಾರೆ ಎಂದಳು. ಈ ಎಣ್ಣೆ ಹಚ್ಚಿದರೆ ಅವರೆಲ್ಲ ಅಲ್ಲೇ ಇರುತ್ತಾರೆ. ಹಚ್ಚಲಾ, ಬೇಡವಾ? ನೀನು ಹೆಂಗೆ ಹೇಳಿದರೆ ಹಂಗೆ ದೊಡ್ಡವ್ವ.

ಮುದುಕಿ ಅವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈಯನ್ನು ಹೊದಿಕೆಯೊಳಗೆ ಎಳೆದುಕೊಂಡು ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಬೇಡವೆಂದು ಹೇಳಿದಳೋ, ಮುನಿದು ತಿರುಗಿದಳೋ, ಅರ್ಥವೇ ಆಗದೆ ದಣಿದು ತಿರುಗಿದಳೋ. ಸಿಂಚನ ಗೆರೆಯ ಈಚೆ ಸ್ಟೂಲಿನ ಮೇಲೆ ಕೂತು ಶೀಶೆಯನ್ನು ಚೀಲದೊಳಗೆ ಇಟ್ಟಳು. ಹತ್ತನೆಯ ದಿನ ಮಧ್ಯಾಹ್ನ, ದಾದಿಯ ಗವಸಿನ ಕೈ ಬೆನ್ನ ಮೇಲಿದ್ದಾಗ, ಕೆಂಪಾಜಮ್ಮನ ಉಸಿರು ನಿಂತಿತು.

*

ಉಸಿರು ಹೋದ ಮೇಲೂ ಚರ್ಮ ಹಲವು ದಿನ ತನ್ನ ನೆನಪನ್ನು ಬಿಡುವುದಿಲ್ಲ. ಕಲಬುರಗಿಯಿಂದ ಬಂದ ಓದುಗಾರ ಹನ್ನೊಂದನೆಯ ದಿನ ಶವಾಗಾರದಲ್ಲಿ ಆ ತಲೆಗೆ ಟೋಪಿ ಇಟ್ಟ. ಎದುರು ಪಕ್ಷದವರು ಮರು ಓದು ಕೇಳುವ ಹಕ್ಕು ಕಾಯ್ದುಕೊಂಡದ್ದರಿಂದ ದೇಹಕ್ಕೆ ಎಣ್ಣೆ, ನೀರು ಸೋಕಿಸಬಾರದೆಂದು ಆದೇಶವಾಯಿತು. ಊರಿನ ನಾಲ್ಕು ಸಾವಿರ ಮಕ್ಕಳಿಗೆ ನೀರು ಹಾಕಿದವಳನ್ನು ನೀರು ಹಾಕದೆ ಮಣ್ಣು ಮಾಡಿದರು. ಸಾವಿನ ಮನೆಯ ಹೆಂಗಸರು ಕೇಳಿದಾಗ ಸಿಂಚನ ಕೋರ್ಟಿನ ಹಾಳೆ ತೋರಿಸಬೇಕಾಯಿತು. ಅವರು ಹಾಳೆ ನೋಡಲಿಲ್ಲ, ಅವಳ ಮುಖ ನೋಡಿದರು.

ಮುಂದಿನ ವಾರ ನ್ಯಾಯಮಂಡಳಿಯಲ್ಲಿ ಬೋರಲಿಂಗಯ್ಯ ಆ ಲೇಖವನ್ನು ಮಡಚದೆ ಹಾಜರುಪಡಿಸಿದರು. ದಿನಕ್ಕೊಂದು ಗೇಣಿನಂತೆ ಅಚ್ಚು ಹಾಕಿಸಿದ್ದರು. ನ್ಯಾಯಾಧೀಶೆಯ ಮೇಜಿನಿಂದ ಹೊರಟ ಕಾಗದ ವಕೀಲರ ಸಾಲು ದಾಟಿ, ಬಾಗಿಲು ದಾಟಿ, ಹೊರಗೆ ಸರದಿ ಕಾಯುತ್ತಿದ್ದವರ ಕಾಲ ಬಳಿಯವರೆಗೆ ಹೋಯಿತು. ಇದರಲ್ಲಿ ಏನೂ ಇಲ್ಲವಲ್ಲ, ಬರೀ ಖಾಲಿ ಕಾಗದ ಎಂದರು ಎದುರಿನ ವಕೀಲರು. ಅದಕ್ಕೇ ತಂದಿದ್ದೇವೆ ಸ್ವಾಮಿ, ಎಂದರು ಬೋರಲಿಂಗಯ್ಯ.

ನ್ಯಾಯಾಧೀಶೆ ಕೆಳಗಿಳಿದು ಬಂದು ಕಾಗದದ ಪಕ್ಕದಲ್ಲಿ ನಡೆದರು. ಮೇಜಿನ ಹತ್ತಿರದ, ಕೊನೆಯ ಹನ್ನೊಂದು ದಿನಗಳ ಗೇಣುಗಳಲ್ಲಿ ಆಸ್ಪತ್ರೆಯ ಗವಸಿನ ಮುದ್ರೆ ಅಲ್ಲಲ್ಲಿ ಇತ್ತು. ಅದರ ಹಿಂದೆ ಆರು ದಿನ ಏನೂ ಇರಲಿಲ್ಲ. ಆಮೇಲೆ ಒಂದು ಕಡೆ ಅವರು ನಿಂತರು. ಅದರಿಂದಾಚೆ ಬಾಗಿಲಾಚೆಯ ತನಕ, ಎಪ್ಪತ್ತೆರಡು ದಿನ, ಏನೂ ಇರಲಿಲ್ಲ.

“ಇಲ್ಲೊಂದು ಇದೆ. ಐದು ಬೆರಳು, ಪೂರ್ತಿ ಅಂಗೈ. ಇದು ಯಾರದು?”

“ನನ್ನದು,” ಎಂದಳು ಸಿಂಚನ. “ಅವಳೇ ಇಟ್ಟುಕೊಂಡದ್ದು.”

ನ್ಯಾಯಾಧೀಶೆ ಬರೆದುಕೊಂಡರು.

ಆದೇಶ ಆ ತಿಂಗಳೇ ಬಂತು. ಮುಟ್ಟದಿರುವುದೂ ಹಿಂಸೆಯೇ ಎಂದಿತ್ತು ಅದರಲ್ಲಿ. ಬೆಳ್ಮುಗಿಲಿಗೆ ಬೀಗ ಬಿತ್ತು. ಅರವತ್ತೆರಡು ಜನರಲ್ಲಿ ಹತ್ತೊಂಬತ್ತು ಜನ ಮನೆಗಳಿಗೆ ಹೋದರು, ಉಳಿದವರು ಕೈಯಿಂದ ಆರೈಕೆ ಮಾಡುವ ಬೇರೆ ನಿಲಯಗಳಿಗೆ. ಮೇಷ್ಟರು ದಾರಿಯುದ್ದಕ್ಕೂ ಆಂಬ್ಯುಲೆನ್ಸಿನ ಹುಡುಗಿಯ ಕೈ ಬಿಡಲಿಲ್ಲವಂತೆ. ಎಲ್ಲ ಕೇಂದ್ರಗಳ ಮೇಜುಗಳಿಂದ ಮಡಿಕೆಯ ಕೀಲಿಯನ್ನು ಕಿತ್ತರು. ಖಾಲಿ ದಿನಗಳನ್ನು ಮುಚ್ಚಿ ಸಹಿ ಹಾಕಿದ್ದಕ್ಕೆ ಸಿಂಚನಳ ಓದುವ ಪರವಾನಗಿಯನ್ನೂ ರದ್ದು ಮಾಡಿದರು. ಅವಳು ಮೇಲ್ಮನವಿ ಹಾಕಲಿಲ್ಲ.

ಒಂದು ಭಾನುವಾರ ಅವಳು ಲಾಸ್ಯಳನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ ಅದೇ ಶೀಶೆಯ ಎಣ್ಣೆ ತೆಗೆದಳು. ಹುಡುಗಿ, ಅಮ್ಮ, ನೀನು ಮುದುಕಿ ಆದ್ಮೇಲೆ ನಾನೂ ನಿಂಗೆ ಎಂದು ಶುರು ಮಾಡಿದಳು. ಸಿಂಚನ ಎಣ್ಣೆಗೈಯಿಂದಲೇ ಅವಳ ಬಾಯಿ ಮುಚ್ಚಿದಳು.

“ಮಾತು ಕೊಡ್ಬೇಡ. ತಲೆ ಬಗ್ಗಿಸು.”

ದೊಡ್ಡವ್ವ ಮುದುಕಿಯಾದ ಮೇಲೆ ಪ್ರತಿ ಭಾನುವಾರ ಅವಳ ತಲೆಗೆ ಎಣ್ಣೆ ಒತ್ತುತ್ತೇನೆಂದು ಸಿಂಚನ ಮಾತು ಕೊಟ್ಟಿದ್ದಳು. ಒಂದು ಭಾನುವಾರವೂ ಒತ್ತಲಿಲ್ಲ.